ದಿವಾನರಿಗೆ ವಾರಕ್ಕೆ ಎರಡು ಊಟ

ಹೋದ ತಿಂಗಳು ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ಸಿದ್ಧಾರ್ಥನಗರದ ಕಡೆ ಯಾವುದೋ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿ ಹೊಸದಾಗಿ ಸೇರಿದ್ದಾಳಂತೆ. ಗಾಜಿನ ಪೆಟ್ಟಿಗೆಯಲ್ಲಿರುವ ಎರಡು ಹಲ್ಲಿಗಳನ್ನು ನೋಡಿಕೊಳ್ಳುವ ಕೆಲಸ ಅವಳ ತಲೆಗೆ ಬಿದ್ದಿದೆ. "ಅಣ್ಣ, ಎಷ್ಟು ಹಾಕ್ಬೇಕು, ಎಷ್ಟು ಸಲ ಹಾಕ್ಬೇಕು, ಅಷ್ಟು ಹೇಳ್ಬುಡಿ ಸಾಕು" ಅಂದಳು. ಆ ಪ್ರಶ್ನೆಗೆ ಉತ್ತರ ಒಂದೂವರೆ ಸಾಲು. ಅದನ್ನು ಕಲಿಯಲು ನನಗೆ ಹದಿನೈದು ವರ್ಷ ಹಿಡಿಯಿತು. ಅವಳಿಗೆ ಒಂದೂವರೆ ಸಾಲು ಹೇಳಿ ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಂಥದೇ ಒಂದು ವಿಭಾಗದ ನಿವೃತ್ತ ಅಟೆಂಡರ್. ನಗಬೇಡಿ. ಇಪ್ಪತ್ತನೇ ವಯಸ್ಸಿಗೆ ಸೇರಿ ಮೂವತ್ತೈದಕ್ಕೆ ನಿವೃತ್ತನಾದವನು. ನಮ್ಮ ಕಾಲೇಜು ಜೀವಂತ ಪ್ರಾಣಿಗಳ ಕೋಣೆಯನ್ನು ಮುಚ್ಚಿದಾಗ ಪ್ರಾಣಿಗಳ ಜೊತೆಗೆ ನನ್ನನ್ನೂ ಸಾಗಹಾಕಿತು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲದವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂದು ಪ್ರಿನ್ಸಿಪಾಲರು ಹಾರೈಸಿದರು. ನಾನು ವಂದನೆ ಹೇಳಲು ಎದ್ದು ಅವರದೇ ಧ್ವನಿಯಲ್ಲಿ, ಅವರದೇ ಕೆಮ್ಮಿನ ಸಮೇತ, ಅದೇ ಭಾಷಣವನ್ನು ಇನ್ನೊಮ್ಮೆ ಮಾಡಿದೆ. ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ಹಣ್ಣಿನ ಬುಟ್ಟಿಯ ಕಡೆ ನೋಡಿದರು, ವಾಪಸ್ ತೆಗೆದುಕೊಳ್ಳಬಹುದೇ ಎನ್ನುವ ಹಾಗೆ.

ನನ್ನ ಹೆಸರು ನಂಜುಂಡ. ನನಗಿರುವ ಒಂದೇ ವಿದ್ಯೆ ಅಣಕ. ಗುಮಾಸ್ತರ ಗೊಣಗಾಟ, ಕ್ಯಾಂಟೀನಿನ ಅಯ್ಯನ ಕೂಗು, ನಗರಸಾರಿಗೆ ಬಸ್ಸಿನ ಗೇರು, ಎಲ್ಲ ನನ್ನ ಗಂಟಲಲ್ಲಿ ಇದೆ. ಹೆಂಡತಿಯ ಎದುರು ಅತ್ತೆಯ ಧ್ವನಿ ತೆಗೆದು ಎರಡು ದಿನ ಊಟ ಕಳೆದುಕೊಂಡಿದ್ದೇನೆ. ನಿನ್ನ ಸ್ವಂತ ಧ್ವನಿ ಯಾವುದಪ್ಪ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ. ಈ ಬರವಣಿಗೆಯೂ ಯಾರದ್ದೋ ಹಾಗೆ ಕೇಳಿಸಿದರೆ ಕ್ಷಮಿಸಿ.

ಪ್ರಾಣಿಗಳ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಇದ್ದ ಒಂದು ಕಿಟಕಿಯ ಗಾಜಿಗೆ ಯಾರೋ ಹಸಿರು ಬಣ್ಣ ಬಳಿದಿದ್ದರು. ಹಾಗಾಗಿ ಒಳಗೆ ಮಧ್ಯಾಹ್ನವೂ ಕೆರೆಯ ತಳದ ಹಾಗೆ. ಕಪ್ಪೆಗಳು, ಬಿಳಿ ಇಲಿಗಳು, ಒಂದು ಆಮೆ. ಪಕ್ಕದ ಕಪಾಟಿನ ಜಾಡಿಗಳಲ್ಲಿ ಇವೇ ಪ್ರಾಣಿಗಳ ಹಿರಿಯರು, ಫಾರ್ಮಾಲಿನ್ನಿನಲ್ಲಿ ಮುಳುಗಿ, ಮೊಮ್ಮಕ್ಕಳನ್ನು ನೋಡುತ್ತಾ. ಮೂಲೆಯ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಂಡೆಹಲ್ಲಿ.

ಮನೆಯ ಗೋಡೆಯ ಹಲ್ಲಿಯನ್ನು ನೆನೆದುಕೊಳ್ಳಬೇಡಿ. ಇದು ಒಂದು ಗೇಣಿಗಿಂತ ಉದ್ದ, ಬಂಡೆಯದೇ ಬಣ್ಣ. ಬೆಟ್ಟದ ಹಿಂಬದಿಯ ಕಲ್ಲುಕ್ವಾರಿಯಿಂದ ಬಂದ ಜಲ್ಲಿ ಲಾರಿಯಲ್ಲಿ ಬಾಲ ತುಂಡಾಗಿ ಬಿದ್ದಿತ್ತೆಂದು ವಿದ್ಯಾರ್ಥಿಯೊಬ್ಬ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಮತ್ತೆ ಬೆಳೆದ ಬಾಲ ಮೂಲಂಗಿಯ ಹಾಗೆ ಮೊಂಡಾಗಿತ್ತು. ಕಣ್ಣಿಗೆ ರೆಪ್ಪೆಯಿಲ್ಲ. ಧೂಳು ಕೂತರೆ ನಾಲಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿ ಒರೆಸಿಕೊಳ್ಳುತ್ತಿತ್ತು. ಮೊದಲ ದಿನ ಅದನ್ನು ನೋಡಿ ನಾನು ಬೆಳಗಿನ ಇಡ್ಲಿಯನ್ನು ನೆನೆದುಕೊಂಡೆ, ಇಡ್ಲಿಯೂ ನನ್ನನ್ನು ನೆನೆದುಕೊಂಡಿತು.

ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಚನ್ನಬಸವಯ್ಯ. ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಅವರು ಆ ಹಲ್ಲಿಗೆ ದಿವಾನರು ಎಂದು ಹೆಸರಿಟ್ಟಿದ್ದರು. ಯಾವ ಕಡತಕ್ಕೂ ಅವಸರ ಪಡದ, ಎಲ್ಲವನ್ನೂ ನೋಡುವ, ಏನನ್ನೂ ಹೇಳದ ಮುಖವಂತೆ. ಊಟದ ಹೊತ್ತಿಗೆ ಪೆಟ್ಟಿಗೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ದಿವಾನರೇ, ಸವಾರಿ ಬರಲಿ" ಎನ್ನುತ್ತಿದ್ದರು. ಮರದ ತೊಗಟೆಯ ಹಿಂದಿನಿಂದ ಮೊದಲು ಮೂಗು, ಆಮೇಲೆ ಆ ಮುಚ್ಚದ ಕಣ್ಣು, ಆಮೇಲೆ ಇಡೀ ಸವಾರಿ ಬರುತ್ತಿತ್ತು.

ಕೆಲಸಕ್ಕೆ ಹೊಸಬರು ಮಾಡುವ ತಪ್ಪುಗಳನ್ನೆಲ್ಲ ನಾನು ಮಾಡಿದ್ದೇನೆ. ಹೊಸದೊಂದನ್ನು ಮಾಡುವ ಕಷ್ಟ ನಿಮಗೆ ಬೇಡ. ತಿನ್ನದೆ ಉಳಿದ ಮಿಡತೆಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಅವು ದಿವಾನರ ಕಾಲ್ಬೆರಳನ್ನು ಕಚ್ಚಿದ್ದವು. ಊಟ ತಿನ್ನುವವನನ್ನು ಊಟವೇ ತಿನ್ನುವುದೂ ಉಂಟು. ಇನ್ನೊಂದು ಬೆಳಿಗ್ಗೆ ದಿವಾನರು ಪೂರಾ ಬೆಳ್ಳಗೆ ನಿಂತಿದ್ದರು, ಬೂದಿ ಬಳಿದ ಹಾಗೆ. ನಾನು ನೋಡುತ್ತಿದ್ದಂತೆ ಮೂಗಿನ ಮೇಲಿನ ಚರ್ಮವನ್ನು ಬಾಯಲ್ಲಿ ಹಿಡಿದು ಎಳೆದು, ತಮ್ಮ ಮುಖವನ್ನೇ ಕಳಚಿ, ನಿಧಾನವಾಗಿ ತಿಂದರು. ಕೆಳಗೆ ಅದೇ ಮುಖ ಹೊಸದಾಗಿ ಇತ್ತು. ಪೊರೆ ಬಿಡುವ ದಿನ ಊಟ ಹಾಕಬಾರದು, ಹಾಕಿದರೂ ಮುಟ್ಟುವುದಿಲ್ಲ ಎಂದು ಸರ್ ಹೇಳಿಕೊಟ್ಟದ್ದು ಆಗಲೇ. ಆಮೇಲೆ ನನ್ನನ್ನು ನೋಡಿ, "ನಿನ್ನ ಜಾತಿಯೇ ಕಣಯ್ಯ ಇದು. ನೀನು ಕಂಡೋರ ಮುಖ ಹಾಕ್ಕೋತೀಯ, ಇದು ತನ್ನದನ್ನೇ ನುಂಗುತ್ತೆ" ಅಂದರು.

ಸುಣ್ಣದ ಕಥೆಯನ್ನು ಮುಚ್ಚಿಟ್ಟರೆ ಪ್ರಾಮಾಣಿಕನಲ್ಲ ಎಂದಾಗುತ್ತದೆ. ಹಲ್ಲಿಗೆ ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ಜಿರಲೆಯ ಮೈಗೆ ಪುಡಿ ಸವರಿ ಕೊಡು ಎಂದು ಸರ್ ಹೇಳಿ ಪರೀಕ್ಷೆ ಕೆಲಸಕ್ಕೆ ಹೋದರು. ಅವರು ಹೇಳಿದ್ದು ಮೊಟ್ಟೆ ಚಿಪ್ಪಿನ ಪುಡಿ. ನನ್ನ ತಂದೆ ಎಲೆ ಅಡಿಕೆ ಹಾಕುವವರು. ಅವರನ್ನು ಕೇಳಿದೆ. "ಕ್ಯಾಲ್ಸಿಯಂ ಅಂದ್ರೆ ಸುಣ್ಣ ಕಣೋ, ಅದ್ಕೇನು ಕಾಲೇಜು ಓದ್ಬೇಕಾ" ಎಂದು ತಮ್ಮ ಡಬ್ಬಿಯನ್ನೇ ಕೊಟ್ಟರು. ಒಣಗಿಸಿ, ಪುಡಿ ಮಾಡಿ, ಶ್ರದ್ಧೆಯಿಂದ ಸವರಿ ಹಾಕಿ, ಬಾಗಿಲ ಮರೆಯಿಂದ ನೋಡಿದೆ. ದಿವಾನರು ಒಂದು ಜಿರಲೆ ಬಾಯಿಗೆ ಹಾಕಿ, ಉಗಿದು, ಬಾಯನ್ನು ತೊಗಟೆಗೆ ತಿಕ್ಕತೊಡಗಿದರು. ಸದ್ದಿಲ್ಲ. ನೋವಾದಾಗ ಸದ್ದು ಮಾಡದ ಪ್ರಾಣಿಯನ್ನು ನೋಡುವುದು ಬಹಳ ಕೆಟ್ಟದ್ದು. ಸರ್ ಓಡಿಬಂದು ಒದ್ದೆ ಹತ್ತಿಯಲ್ಲಿ ಒರೆಸಿ ಒರೆಸಿ ಬಾಯಿ ತೊಳೆದರು. ಬೈಯಲಿಲ್ಲ. "ಎಲೆ ಅಡಿಕೇನೂ ಕೊಟ್ಟುಬುಡು ನಂಜುಂಡ, ಊಟ ಪೂರ್ತಿ ಆಗ್ಲಿ" ಅಂದರು. ಒಂಬತ್ತು ದಿನ ದಿವಾನರು ಏನೂ ತಿನ್ನಲಿಲ್ಲ. ಅಷ್ಟೂ ದಿನ ನನಗೂ ಅನ್ನ ಸೇರಲಿಲ್ಲ. ಇದನ್ನು ಮಾತ್ರ ನಾನು ಯಾರಿಗೂ ಅಣಕ ಮಾಡಿ ತೋರಿಸಿಲ್ಲ.

ಇನ್ನು ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಸೇರಿ ಮೂರು ವರ್ಷವಾಗಿತ್ತು. ಸ್ಟಾಫ್ ರೂಮಿನಲ್ಲಿ ಸರ್ ಧ್ವನಿ ತೆಗೆದು "ದಿವಾನರೇ, ಸವಾರಿ ಬರಲಿ" ಎಂದು ನಗಿಸುವುದು ನನ್ನ ದಿನಚರಿಯಾಗಿತ್ತು. ಅಣಕದವನಿಗೆ ಒಂದು ಚಟ ಇರುತ್ತದೆ, ಇದ್ದದ್ದು ಸಾಲದು. ನಗು ಕಡಿಮೆಯಾಗುತ್ತಿದೆ ಅನ್ನಿಸಿದ ದಿನ ನಾನು ಕೊನೆಗೆ ಒಂದು ಸಣ್ಣ ಲೊಚಗುಟ್ಟುವ ಸದ್ದು ಸೇರಿಸಿದೆ. ಸರ್ ಹಲ್ಲಿಯ ಜೊತೆ ಇದ್ದೂ ಇದ್ದೂ ಅರ್ಧ ಹಲ್ಲಿಯೇ ಆಗಿದ್ದಾರೆ ಎನ್ನುವ ಹಾಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕವರು ಇದ್ದಕ್ಕಿದ್ದಂತೆ ನಿಲ್ಲಿಸಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಸರ್.

"ನಾನು ಹಂಗೆ ಲೊಚಗುಟ್ತೀನೇನಯ್ಯ?"

"ಇಲ್ಲ ಸಾರ್. ನಗು ಬರ್ಲಿ ಅಂತ ನಾನೇ ಸೇರಿಸ್ದೆ."

ಅವರು ನನ್ನನ್ನು ನೇರ ಪ್ರಾಣಿಗಳ ಕೋಣೆಗೆ ಕರೆದುಕೊಂಡು ಹೋದರು. ಕೆಲಸ ಹೋಯಿತು ಅಂದುಕೊಂಡೆ. ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಕರಿ ನೋಡೋಣ ಅಂದರು. ನನ್ನ ಸ್ವಂತ ಗಂಟಲಿಗೆ, ಡಬ್ಬಿ ಕುಟ್ಟುವುದಕ್ಕೆ, ಯಾವುದಕ್ಕೂ ದಿವಾನರು ಅದುವರೆಗೆ ಹೊರಗೆ ಬಂದವರಲ್ಲ. ನಾನು ಊಟ ಇಟ್ಟು ಆಚೆ ಹೋದ ಮೇಲೆಯೇ ತಿನ್ನುತ್ತಿದ್ದರು. ಸರ್ ಧ್ವನಿಯಲ್ಲಿ ಕರೆದೆ, ಅಭ್ಯಾಸಬಲದಿಂದ ಕೊನೆಗೆ ಲೊಚಗುಟ್ಟಿದೆ. ಮೂಗು ಬಂತು. ಕಣ್ಣು ಬಂತು. ಸವಾರಿ ಬಂತು. ಸರ್ ನಗಲಿಲ್ಲ. ತಮ್ಮ ಕೊರಳನ್ನು ಕೈಯಿಂದ ಮುಟ್ಟಿ ನೋಡಿಕೊಂಡರು, ಏನೋ ಜೇಬಿನಿಂದ ಬಿದ್ದುಹೋಯಿತೇ ಎಂದು ಮುಟ್ಟಿಕೊಳ್ಳುವ ಹಾಗೆ.

"ಸರಿ, ನಾನಿಲ್ಲದಾಗ ನೀನೇ ಕರಿ" ಅಂದರು.

ಮುಂದೆ ಮೂರು ವರ್ಷಕ್ಕೆ ಅವರು ನಿವೃತ್ತರಾದರು. ಸಾಕಿದ್ದನ್ನು ಜಾಡಿಗೆ ಹಾಕಲು ಮನಸ್ಸಿಲ್ಲದೆ ದಿವಾನರನ್ನೂ ಪೆಟ್ಟಿಗೆ ಸಮೇತ ಕುವೆಂಪುನಗರದ ಮನೆಗೆ ಒಯ್ದರು. ಮೊಟ್ಟೆಯೂ ಬೇಯದ ಮನೆಯ ಹಿತ್ತಲಲ್ಲಿ ತಗಡಿನ ಡಬ್ಬಿಯಲ್ಲಿ ಬೂಸ, ಕ್ಯಾರೆಟ್ ಹಾಕಿ ಜಿರಲೆ ಸಾಕಾಣಿಕೆ ಶುರುವಾಯಿತು. ಅವರ ಹೆಂಡತಿ ಗಿರಿಜಮ್ಮನವರು ಮೊದಲು ಗಲಾಟೆ ಮಾಡಿದರಂತೆ. "ಅವನಿಗೆ ದೀಕ್ಷೆ ಆಗಿಲ್ಲ ಕಣೆ, ತಿನ್ನಲಿ ಬಿಡು" ಎಂದು ಸರ್ ಸಮಾಧಾನ ಮಾಡಿದ್ದರು. ಗಿರಿಜಮ್ಮ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವರು, ಮೊಪೆಡ್ಡಿನಲ್ಲಿ ಊರೆಲ್ಲ ಸುತ್ತುವವರು. ಸಂಜೆ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ಅದಕ್ಕೂ ಸರ್ ಓದುವ ಕೋಣೆಗೂ ನಡುವೆ ಒಂದು ಪರದೆ ಅಷ್ಟೆ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಸರ್ ವಾಕಿಂಗಿಗೆ ಹೋದವರು ಪಾರ್ಕಿನ ಬೆಂಚಿನ ಮೇಲೆಯೇ ತೀರಿಕೊಂಡರು.

ಇಪ್ಪತ್ತು ದಿನ ಕಳೆದ ಮೇಲೆ ಗಿರಿಜಮ್ಮ ವಿಭಾಗಕ್ಕೆ ಫೋನ್ ಮಾಡಿಸಿದರು. ದಿವಾನರು ಅಂದಿನಿಂದ ಊಟ ಮುಟ್ಟಿಲ್ಲವಂತೆ. ಹೋಗಿ ನೋಡಿದೆ. ಮೂಲಂಗಿಯಂತಿದ್ದ ಬಾಲ ಒಣಗಿದ ಬೆಂಡೆಕಾಯಿಯಾಗಿತ್ತು. ಹಲ್ಲಿಯ ಬಾಲವೇ ಅದರ ಬುತ್ತಿ. ಉಪವಾಸ ಬಿದ್ದಾಗ ಅದರಿಂದಲೇ ಬದುಕುತ್ತದೆ. ಇಲ್ಲಿ ಬುತ್ತಿ ಮುಗಿಯುತ್ತ ಬಂದಿತ್ತು. ಡಬ್ಬಿ ಕುಟ್ಟಿದೆ, ಇಕ್ಕಳದಲ್ಲಿ ಜಿರಲೆ ಆಡಿಸಿದೆ, ನೀರು ಚಿಮುಕಿಸಿದೆ. ತೊಗಟೆಯ ಹಿಂದೆ ಏನೂ ಅಲುಗಲಿಲ್ಲ. ಒಂದು ಉಪಾಯ ನನಗೆ ಗೊತ್ತಿತ್ತು. ಅದನ್ನು ಬಿಟ್ಟು ಬೇರೆಲ್ಲ ಮಾಡುತ್ತಿದ್ದೆ. ಸತ್ತವರ ಮನೆಯಲ್ಲಿ ಸತ್ತವರ ಧ್ವನಿ ತೆಗೆಯುವಷ್ಟು ಕೋತಿಯಲ್ಲ ನಾನು.

ಗಿರಿಜಮ್ಮ ಪರದೆ ಹಿಡಿದು ನಿಂತಿದ್ದರು. "ನೀನು ಅವರ ಥರಾನೇ ಮಾತಾಡ್ತೀಯಂತಲ್ಲ" ಅಂದರು.

ಕೇಳದೆಯೇ ಅಣಕ ಮಾಡುವ ನಾನು, ಕೇಳಿದಾಗ ನೆಲ ನೋಡಿದೆ.

"ಮಾತಾಡು. ಅದು ಸಾಯ್ತಾ ಇದೆ."

ಅವರು ಪರದೆಯ ಆಚೆ ಹೋದರು. ಫ್ಯಾನಿನ ಸ್ವಿಚ್ಚು ಟಕ್ ಎಂದಿತು. ರೆಕ್ಕೆಗಳು ನಿಧಾನವಾಗಿ ನಿಂತವು. ನಾನು ಗಂಟಲು ಸರಿಮಾಡಿಕೊಂಡು, "ದಿವಾನರೇ, ಸವಾರಿ ಬರಲಿ" ಅಂದೆ, ಲೊಚಗುಟ್ಟಿದೆ. ಪರದೆಯ ಆಚೆ ಏಳೆಂಟು ಪೆನ್ಸಿಲ್ಲುಗಳು ಒಟ್ಟಿಗೆ ನಿಂತವು. ತೊಗಟೆಯ ಹಿಂದಿನಿಂದ ಮೂಗು ಬಂತು. ದಿವಾನರು ಮೂರು ಜಿರಲೆ ತಿಂದು, ನಾಲ್ಕನೆಯದನ್ನು ಬಾಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. ಅದಕ್ಕೆ ಮೋಸವಾಗಿದೆಯೋ, ಗೊತ್ತಿದ್ದೂ ತಿನ್ನುತ್ತಿದೆಯೋ, ರೆಪ್ಪೆಯಿಲ್ಲದ ಕಣ್ಣಿನಲ್ಲಿ ಓದಲು ಆಗುವುದಿಲ್ಲ. ಆಚೆಯಿಂದ ಟ್ಯೂಷನ್ನಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ಸರ್ ಒಳಗಿದ್ದಾರಾ?" ಎಂದು ಕೇಳಿದಳು.

"ಲೆಕ್ಕ ಮಾಡ್ರಮ್ಮ" ಅಂದರು ಗಿರಿಜಮ್ಮ.

ಹೀಗೆ ವಾರಕ್ಕೆ ಎರಡು ಸಂಜೆ, ಸೋಮವಾರ ಮತ್ತು ಗುರುವಾರ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಕುವೆಂಪುನಗರಕ್ಕೆ ಹೋಗುವುದು ನಿಗದಿಯಾಯಿತು. ಬಾಲ ತುಂಬಿಕೊಂಡಿತು. ಅಲ್ಲಿಗೆ ನಿಲ್ಲಬೇಕಿತ್ತು.

ಒಂದು ಮಂಗಳವಾರ ಗಿರಿಜಮ್ಮನ ಫೋನ್ ಬಂತು. ನಿನ್ನೆ ಒಂದು ಕಡಿಮೆ ತಿಂತು ಕಣೋ, ಇವತ್ತೊಂದು ಸಲ ಬಂದು ಹೋಗು. ಆಮೇಲೆ ಹಬ್ಬ ಅಂತ ಒಂದು ದಿನ. ಅವರ ಮದುವೆಯ ದಿನ ಅಂತ ಒಂದು ದಿನ. ಚಳಿ ಜಾಸ್ತಿಯಾಗಿದೆ, ಪಾಪ, ಹಸಿವಾಗಿರುತ್ತೆ ಅಂತ ಇನ್ನೊಂದು ದಿನ. ಚಳಿಗೆ ಹಲ್ಲಿಗೆ ಹಸಿವು ಕಡಿಮೆಯಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಆದರೂ ಹೋದೆ. ವರ್ಷ ಕಳೆಯುವುದರೊಳಗೆ ದಿನಾ ಸಂಜೆ ಆರೂವರೆಗೆ ಪರದೆಯ ಆಚೆ ಫ್ಯಾನು ನಿಲ್ಲುತ್ತಿತ್ತು. ಗಿರಿಜಮ್ಮ ಪರದೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಮಕ್ಕಳಿಗೂ ಅಭ್ಯಾಸವಾಗಿತ್ತು. ಆ ಹೊತ್ತಿಗೆ ಯಾರೂ ಸಂಶಯ ಕೇಳುತ್ತಿರಲಿಲ್ಲ.

ತಪ್ಪನ್ನೆಲ್ಲ ಅವರ ಮೇಲೆ ಹಾಕುವುದು ಸುಲಭ. ನಿಜ ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ನನಗೆ ನಗು ಸಿಕ್ಕಿತ್ತು, ಚಪ್ಪಾಳೆ ಸಿಕ್ಕಿತ್ತು. ಫ್ಯಾನು ನಿಲ್ಲಿಸಿ ಕೇಳಿದವರು ಯಾರೂ ಇರಲಿಲ್ಲ. ಅಂಥ ಮೌನದ ರುಚಿ ಒಮ್ಮೆ ಹತ್ತಿದರೆ ಅಣಕದವನು ಕೆಟ್ಟ. ಒಂದು ಸಂಜೆ, ಇದ್ದದ್ದು ಸಾಲದು ಅನ್ನಿಸಿ, ದಿವಾನರು ತಿನ್ನುತ್ತಿರುವಾಗ ನಾನೇ ಒಂದು ಮಾತು ಸೇರಿಸಿದೆ. "ಗಿರಿಜಾ, ನನ್ನ ಕನ್ನಡಕ ಎಲ್ಲಿಟ್ಟೆ?"

ತಡವಾಗಲಿಲ್ಲ. ಲೆಕ್ಕ ಹೇಳಿಕೊಡುವಾಗಿನ ಅದೇ ಸಹಜ ಧ್ವನಿಯಲ್ಲಿ ಪರದೆಯ ಆಚೆಯಿಂದ ಉತ್ತರ ಬಂತು. "ಟೀವಿ ಮೇಲೆ ಇದೆ ನೋಡಿ."

ಇಕ್ಕಳವನ್ನು ಡಬ್ಬಿಯ ಮೇಲಿಟ್ಟು ಹೊರಟೆ. ಹೊರಗೆ ಬರುವಾಗ ನೋಡಬಾರದು ಅಂದುಕೊಂಡೇ ನೋಡಿದೆ. ಕನ್ನಡಕ ಟೀವಿಯ ಮೇಲಿತ್ತು. ಗಾಜಿನಲ್ಲಿ ಒಂದು ಚೂರೂ ಧೂಳಿರಲಿಲ್ಲ. ಅವತ್ತು ಸೈಕಲ್ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಸರಸ್ವತಿಪುರಂಗೆ ಒಂದು ಟಿಕೆಟ್ ಅಂದೆ. ಕಂಡಕ್ಟರು ನನ್ನ ಮುಖವನ್ನೂ, ನನ್ನ ಹಿಂದೆ ಯಾರಾದರೂ ಮುದುಕರು ನಿಂತಿದ್ದಾರೆಯೇ ಎಂದೂ ನೋಡಿದ. ನಾನು ಸರ್ ಧ್ವನಿಯಲ್ಲೇ ಕೇಳಿದ್ದೆ. ಮನೆ ಮುಟ್ಟುವವರೆಗೂ ಆ ಧ್ವನಿ ಗಂಟಲಿನಿಂದ ಇಳಿಯಲಿಲ್ಲ. ಹೆಂಡತಿ ಬಾಗಿಲು ತೆರೆದಾಗ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಮದುವೆಯಾದ ಮೇಲೆ ನಾನು ಸುಮ್ಮನಿದ್ದ ಮೊದಲ ರಾತ್ರಿ ಅದು ಎಂದು ಅವಳು ಈಗಲೂ ಹೇಳುತ್ತಾಳೆ.

ಅದಾದ ಮೇಲೂ ಹೋದೆ. ಅದೇ ಕೆಟ್ಟದ್ದು.

ಆ ಬೇಸಿಗೆಯಲ್ಲಿ ಒಂದು ಸಂಜೆ ದಿವಾನರು ಪೆಟ್ಟಿಗೆಯ ಗಾಜು ಹತ್ತಲು ಹೋಗಿ ಧೊಪ್ಪನೆ ಬಿದ್ದರು. ಹಲ್ಲಿ ಗೋಡೆಯಿಂದ ಬೀಳುವುದೆಂದರೆ ಮೀನು ನೀರಿನಲ್ಲಿ ಮುಳುಗಿ ಸತ್ತ ಹಾಗೆ. ಮಾರನೇ ಬೆಳಿಗ್ಗೆ ಬಟ್ಟೆ ಚೀಲದಲ್ಲಿ ಹಾಕಿ ಕಾಲೇಜಿಗೆ ತಂದೆ. ಸರ್ ಜಾಗಕ್ಕೆ ಬಂದಿದ್ದ ಹೊಸ ಮೇಡಂ ಕಣ್ಣಂದಾಜಿನ ಕಾಲದವರಲ್ಲ. ಎಲ್ಲವನ್ನೂ ಕೆಮಿಸ್ಟ್ರಿ ವಿಭಾಗದ ತಕ್ಕಡಿಯಲ್ಲಿ ತೂಗುವವರು. ತೂಗಿದರು. ಮುಂಗಾಲಿನ ಕಂಕುಳಲ್ಲಿ ಊದಿಕೊಂಡಿದ್ದ ಎರಡು ಗಂಟುಗಳನ್ನು ತೋರಿಸಿದರು. ಅದು ಕೊಬ್ಬು. ಬಾಲದಲ್ಲಿ ಜಾಗ ಮುಗಿದು ಅಲ್ಲಿಗೆ ಹರಿದಿತ್ತು. ಒಳಗೆ ಪಿತ್ತಜನಕಾಂಗದ ಸುತ್ತಲೂ ಹೀಗೇ ಕಟ್ಟಿರುತ್ತದೆ ಅಂದರು. ಮರಿ ಹಲ್ಲಿಗೆ ದಿನಾ ಹಾಕಬೇಕು, ಬೆಳೆದ ಹಲ್ಲಿಗೆ ವಾರಕ್ಕೆ ಎರಡೇ ಸಲ, ಸಲಕ್ಕೆ ನಾಲ್ಕು, ಅದೂ ಅದರ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡ ಹುಳುವಲ್ಲ. "ನೀವು ಇದನ್ನ ಮುದ್ದು ಮಾಡಿ ಸಾಯಿಸ್ತಿದೀರ. ಎರಡು ವಾರ ಏನೂ ಕೊಡ್ಬೇಡಿ" ಅಂದರು.

ಗಿರಿಜಮ್ಮನಿಗೆ ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ದಿವಾನರನ್ನು ವಾಪಸ್ ಬಿಟ್ಟು, ಎರಡು ವಾರ ಊಟ ಬೇಡವಂತೆ, ನನಗೂ ಗಂಟಲು ಕೆಟ್ಟಿದೆ ಎಂದು ಕೆಮ್ಮಿ ತೋರಿಸಿದೆ. ಕೆಮ್ಮು ಪ್ರಿನ್ಸಿಪಾಲರದ್ದು.

ಹತ್ತನೆಯ ದಿನ ಮನಸ್ಸು ತಡೆಯಲಿಲ್ಲ. ನೋಡಿಕೊಂಡು ಬರೋಣ ಎಂದು ಹೋದೆ. ದೀಪ ಹಚ್ಚುವ ಹೊತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ, ಒಳಗೆ ಫ್ಯಾನು ನಿಂತ ಸದ್ದು ಕೇಳಿಸಿತು. ಆಮೇಲೆ ಕಿಟಕಿಯಿಂದ ಆ ಧ್ವನಿ ಬಂತು.

"ದಿವಾನರೇ, ಸವಾರಿ ಬರಲಿ."

ಅದರ ಬೆನ್ನಿಗೇ, ಸಣ್ಣಗೆ, ಲೊಚ್.

ಆ ಕ್ಷಣ ನನಗೆ ಅನ್ನಿಸಿದ್ದನ್ನು ಹಾಗೆಯೇ ಬರೆಯುತ್ತೇನೆ. ಸರ್ ಬಂದಿದ್ದಾರೆ ಎಂದು ಅನ್ನಿಸಲಿಲ್ಲ. ನಾನು ಒಳಗಿದ್ದೇನೆ ಎಂದು ಅನ್ನಿಸಿತು. ಹಾಗಾದರೆ ಗೇಟು ಹಿಡಿದುಕೊಂಡು ನಿಂತವನು ಯಾರು ಎಂದು ಕೈ ನೋಡಿಕೊಂಡೆ.

ಮುಂದಿನ ಕೋಣೆಯಲ್ಲಿ ಮಕ್ಕಳು ತಲೆ ತಗ್ಗಿಸಿ ಪೆನ್ಸಿಲ್ ಹಿಡಿದು ಕೂತಿದ್ದರು. ಪರದೆ ಸರಿಸಿದೆ. ಗಿರಿಜಮ್ಮ ಇಕ್ಕಳ ಹಿಡಿದು ನಿಂತಿದ್ದರು. ದಿವಾನರು ಅಗಿಯುತ್ತಿದ್ದರು. ತಗಡಿನ ಡಬ್ಬಿ ಅರ್ಧ ಖಾಲಿ.

"ಎಷ್ಟು ದಿನದಿಂದ ಅಮ್ಮಾ?"

"ನೀನು ಬಿಟ್ಟ ಮಾರನೇ ದಿನದಿಂದ." ಅವರು ಸ್ವಲ್ಪವೂ ನಾಚಿಕೊಳ್ಳಲಿಲ್ಲ. "ನೀನೇನು, ಎಂಟು ವರ್ಷ ಅವರ ಜೊತೆ ಇದ್ದೆ. ನಾನು ಮೂವತ್ತು ವರ್ಷ ಇದ್ದೆ. ನಂಗೆ ಬರಲ್ವಾ?"

ಧ್ವನಿ ಬರುತ್ತದೆ, ಒಪ್ಪಿದೆ. ಆದರೆ ಕೊನೆಯ ಆ ಸದ್ದು? ಕೇಳಬಾರದಿತ್ತು, ಕೇಳಿದೆ.

"ಅದು ಅವರ ಅಭ್ಯಾಸ ಕಣೋ. ಮಾತು ಮುಗೀತು ಅಂದ್ರೆ ಒಂದು ಸಲ ಲೊಚ್ ಅನ್ನೋರು. ಮದುವೆ ಮಂಟಪದಲ್ಲೇ ಹಂಗಂದು, ನಮ್ಮಕ್ಕ ನಕ್ಕುಬುಟ್ಟಿದ್ಲು."

ಸ್ಟಾಫ್ ರೂಮಿನಲ್ಲಿ ನಗು ಕಡಿಮೆಯಾದ ದಿನ ನಾನು ಹುಟ್ಟಿಸಿದ ಸದ್ದು ಅದು. ಸರ್ ಎದುರಿಗೇ ಒಪ್ಪಿಕೊಂಡಿದ್ದೆ. ಅದು ಈಗ ಹಿಂದಕ್ಕೆ ಹಿಂದಕ್ಕೆ ನಡೆದು, ನಾನು ಹುಟ್ಟುವ ಮೊದಲಿನ ಒಂದು ಮದುವೆ ಮಂಟಪಕ್ಕೆ ಹೋಗಿ ಕೂತಿತ್ತು. ವಾರಕ್ಕೆ ಎರಡಿದ್ದದ್ದನ್ನು ಏಳು ಮಾಡಿ ನಾನು ಯಾರಿಗೆ ಏನನ್ನು ತಿನ್ನಿಸುತ್ತಿದ್ದೆ ಎಂದು ಆಗ ಗೊತ್ತಾಯಿತು. ಅಮ್ಮಾ, ಅದು ಸರ್‌ದಲ್ಲ, ನನ್ನದು ಎಂದು ಹೇಳಲು ಬಾಯಿ ತೆರೆದೆ. ಯಾವ ಧ್ವನಿಯೂ ಬರಲಿಲ್ಲ.

ಅದರ ಬದಲು ದಿವಾನರನ್ನು ಕೈಗೆತ್ತಿಕೊಂಡು ಕಂಕುಳ ಗಂಟುಗಳನ್ನು ಅವರಿಗೆ ತೋರಿಸಿದೆ. ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಗಂಟಲು ಕೆಟ್ಟದ್ದು ಸುಳ್ಳು ಎಂದೂ ಹೇಳಿದೆ. "ಇನ್ನಾರು ತಿಂಗಳು ಹಿಂಗೇ ದಿನಾ ಹಾಕಿದ್ರೆ ಇವರು ಉಳಿಯಲ್ಲ ಅಮ್ಮ."

ಗಿರಿಜಮ್ಮ ಆ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ದಿವಾನರು ನಾಲಗೆ ಚಾಚಿ ಕಣ್ಣು ಒರೆಸಿಕೊಂಡರು. ಪರದೆಯ ಆಚೆ ಒಂದು ಮಗು ಕೆಮ್ಮಿತು.

"ಒಬ್ಬನೇ ಮನುಷ್ಯನಿ‌ಗೆ ಎರಡು ಸಲ ವಿಧವೆ ಆಗೋಕೆ ನನ್ನ ಕೈಲಾಗಲ್ಲ ಕಣೋ" ಅಂದರು. "ಹೇಳು. ವಾರಕ್ಕೆ ಎಷ್ಟು ಸಲ?"

"ಎರಡು."

"ಕರೆಯೋದು?"

"ಅದೂ ಎರಡೇ. ಕರೆದು ಬರಿಗೈಲಿ ಕಳಿಸಿದ್ರೆ ಆಮೇಲೆ ಕರೆದಾಗ ಬರಲ್ಲ."

ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಮಕ್ಕಳ ಪುಸ್ತಕ ತಿದ್ದುವ ಕೆಂಪು ಪೆನ್ನಿನಿಂದ ಸೋಮವಾರಗಳಿಗೂ ಗುರುವಾರಗಳಿಗೂ ಸುತ್ತು ಹಾಕಿದರು. ಆಮೇಲೆ ಫ್ಯಾನು ಹಾಕಿದರು. "ನೀನು ಇನ್ಮೇಲೆ ಆ ಧ್ವನಿ ಎತ್ತಬೇಡ" ಅಂದರು. ಅದು ನನ್ನ ಮೊದಲ ನಿವೃತ್ತಿ. ಶಾಲು, ಹಣ್ಣಿನ ಬುಟ್ಟಿ ಇರಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಆ ಧ್ವನಿ ತೆಗೆದಿಲ್ಲ. ತೆಗೆಯಲು ಬರುತ್ತದೆಯೇ ಎಂದೂ ಪರೀಕ್ಷೆ ಮಾಡಿಲ್ಲ.

ದಿವಾನರ ಕಂಕುಳ ಗಂಟು ಕರಗಲು ಒಂದು ವರ್ಷ ಹಿಡಿಯಿತು. ಬಾಲ ಮತ್ತೆ ಮೂಲಂಗಿಯ ಅಳತೆಗೆ ಬಂತು. ತಿಂಗಳಿಗೊಮ್ಮೆ ಹೋಗಿ ತೂಕ ನೋಡಿ ಬರುತ್ತಿದ್ದೆ. ಸುತ್ತು ಹಾಕದ ಯಾವ ದಿನ ಹೋದರೂ ಆ ಮನೆಯಲ್ಲಿ ಫ್ಯಾನು ಓಡುತ್ತಲೇ ಇರುತ್ತಿತ್ತು, ಚಳಿಗಾಲದಲ್ಲಿ ಕೂಡ.

ಇನ್ನು ಎರಡನೆಯ ನಿವೃತ್ತಿ. ಪ್ರಾಣಿಗಳ ಕೋಣೆ ಖಾಲಿ ಮಾಡುವಾಗ ಜಾಡಿಗಳ ಹಿಂದೆ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಸರ್ ಕೈಬರಹದಲ್ಲಿ "ಹಲ್ಲಿಗಳ ಆಹಾರ, ಎರಡನೆಯ ಪಾಠ" ಎಂದಿತ್ತು, ಕೆಳಗೆ ವರ್ಷ. ನಾನು ಕೆಲಸಕ್ಕೆ ಸೇರುವುದಕ್ಕಿಂತ ನಾಲ್ಕು ವರ್ಷ ಹಿಂದಿನದು. ಕಲ್ಲುಕ್ವಾರಿಯ ಲಾರಿಯಿಂದ ದಿವಾನರು ಬೀಳುವುದಕ್ಕೂ ಮುಂಚಿನದು. ಅದನ್ನು ಕೇಳದೆ ಜೇಬಿಗೆ ಹಾಕಿಕೊಂಡು ಸೀದಾ ಕುವೆಂಪುನಗರಕ್ಕೆ ಹೋದೆ. ಏಳು ವರ್ಷದಿಂದ ಮೊದಲು ನಾನು, ಆಮೇಲೆ ಅವರು ಗಂಟಲಿನಲ್ಲಿ ಮಾಡುತ್ತಿದ್ದದ್ದರ ಅಸಲು ಅದರೊಳಗಿತ್ತು.

ಗಿರಿಜಮ್ಮ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಷರದ ಮೇಲೆ ಬೆರಳಿಟ್ಟರು. ಆಮೇಲೆ ಗೋಡೆಯ ಕಡೆ ನೋಡಿ ನನ್ನ ಕೈಗೆ ವಾಪಸ್ ಕೊಟ್ಟರು.

"ಇವತ್ತು ಶುಕ್ರವಾರ ಕಣೋ. ಸೋಮವಾರ ತಗೊಂಡು ಬಾ."

ಸೋಮವಾರ ಆರೂವರೆಗೆ ಫ್ಯಾನು ನಿಂತಿತು. ಮಕ್ಕಳನ್ನು ಆ ದಿನ ಬೇಗ ಕಳಿಸಿದ್ದರು. ಟೇಪ್ ರೆಕಾರ್ಡರನ್ನು ಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟು ಗುಂಡಿ ಒತ್ತಿದರು. ಗರಗರ ಸದ್ದು. ಆಮೇಲೆ ಸರ್. ನನಗೆ ಮೊದಲು ಗುರುತೇ ಸಿಗಲಿಲ್ಲ. ನಾನು ಮಾಡುತ್ತಿದ್ದದ್ದಕ್ಕಿಂತ ಆ ಧ್ವನಿ ಎಷ್ಟೋ ತೆಳು, ಎಷ್ಟೋ ಅವಸರದ್ದು, ಯಾರೋ ಎಳೆ ಪ್ರಾಯದ ಮೇಷ್ಟ್ರದ್ದೇನೋ ಅನ್ನುವ ಹಾಗೆ. ನಾನು ಗಿರಿಜಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ. ಜೀರ್ಣಕ್ರಿಯೆ ಬಂತು, ಬಾಲದ ಕೊಬ್ಬು ಬಂತು. ಹಸಿದ ಹಲ್ಲಿ ತಿಂಗಳು ಬದುಕೀತು, ಮಿತಿಮೀರಿ ತಿಂದ ಹಲ್ಲಿ ಬದುಕದು ಎಂದು ಬಂತು. ಹಾಗಾದರೆ ಅವರು ಹೇಳಿಯೇ ಇದ್ದರು. ನಾನು ಸೇರುವುದು ತಡವಾಗಿತ್ತು.

ಕೊನೆಗೆ ಪುಸ್ತಕ ಮುಚ್ಚಿದ ಸದ್ದು. "ಇವತ್ತಿಗೆ ಇಷ್ಟು ಸಾಕು."

ಅದರ ಬೆನ್ನಿಗೇ, ಸಣ್ಣಗೆ, ಲೊಚ್.

ಗಿರಿಜಮ್ಮ ಬೆರಳ ಗೆಣ್ಣಿನಿಂದ ಮೇಜನ್ನು ಮೂರು ಸಲ ತಟ್ಟಿದರು, ಹಲ್ಲಿ ಲೊಚಗುಟ್ಟಿ ಮಾತು ಸತ್ಯವಾದಾಗ ತಟ್ಟುವ ಹಾಗೆ, "ಶಿವ ಶಿವ" ಎಂದು. ತೊಗಟೆಯ ಹಿಂದಿನಿಂದ ಮುದಿ ದಿವಾನರ ಮೂಗು ಬಂತು, ಕಣ್ಣು ಬಂತು. ನಾನು ಗಡಿಬಿಡಿಯಿಂದ ಟೇಪನ್ನು ಹಿಂದಕ್ಕೆ ತಿರುಗಿಸಲು ಕೈ ಚಾಚಿದೆ. ಲೊಚಗುಟ್ಟಿದ್ದು ಸರ್ ಇರಬಹುದು. ಹಾಗಿದ್ದರೆ ನಾನು ಹುಟ್ಟಿಸಿದೆನೆಂದುಕೊಂಡದ್ದನ್ನು ನನ್ನ ಕಿವಿ ಮೊದಲೇ ಅವರಿಂದ ಕದ್ದಿತ್ತು, ನನಗೆ ಹೇಳದೆ. ಅವರಿಗೂ ತಿಳಿಯದೆ. ಅಥವಾ ಆ ಹಳೆಯ ಕೋಣೆಯ ಗೋಡೆಯ ಮೇಲಿದ್ದ ಯಾವುದೋ ಬಡ ಹಲ್ಲಿ ಇರಬಹುದು. ಇನ್ನೊಮ್ಮೆ ಕೇಳಿದರೆ ಗೊತ್ತಾಗುತ್ತಿತ್ತು.

ಗಿರಿಜಮ್ಮ ನನ್ನ ಕೈ ಸರಿಸಿದರು. "ಇವತ್ತಿಗೆ ಸಾಕು ಅಂದ್ರಲ್ಲ" ಅಂದರು. ಕ್ಯಾಸೆಟ್ ತೆಗೆದು ಸೆರಗಿನಲ್ಲಿ ಒರೆಸಿ, ಟೀವಿಯ ಮೇಲೆ ಕನ್ನಡಕದ ಪಕ್ಕ ಇಟ್ಟರು. ಇಕ್ಕಳ ನನ್ನ ಕೈಗೆ ಕೊಟ್ಟರು. ನಾನು ಎಣಿಸಿ ನಾಲ್ಕು ಹಾಕಿದೆ.

ಅದಕ್ಕೇ ತಂಗಿ, ನಿನಗೆ ಅಷ್ಟೇ ಹೇಳಿ ಕಳಿಸಿದ್ದು. ಬೆಳೆದ ಹಲ್ಲಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು. ಕರೆದ ದಿನ ಬರಿಗೈಯಲ್ಲಿ ಕಳಿಸಬೇಡ. ಉಳಿದ ದಿನ ಫ್ಯಾನು ಓಡುತ್ತಿರಲಿ.